ಮೊಡವೆ ಅಂತ ಮಗಳು ಮದುವೆಗೂ ಬರುದಿಲ್ಲ

ಪ್ರಶ್ನೆ: ಮಗಳು ಫಸ್ಟ್ ಪಿಯುಸಿ, ಮುಖ ತುಂಬ ಮೊಡವೆ. ಕಾಲೇಜಿಗೆ ಮಾಸ್ಕ್ ಹಾಕಿಯೇ ಹೋಗುದು, ಮೊನ್ನೆ ಮದುವೆಗೂ ಬರ್ಲಿಲ್ಲ, ಎಲ್ಲರೂ ಅದನ್ನೇ ಕೇಳ್ತಾರೆ ಅಂತ ಅಳ್ತಾಳೆ. ಬಂಗುಡೆ ಫ್ರೈ ಬಿಡಿಸಿಯೂ ಆಯ್ತು. ಎಂತ ಮಾಡುದು?
– ಓದುಗರೊಬ್ಬರು, ಕಾಪು

ಉತ್ತರ: ಪಾಪ, ಬಂಗುಡೆ ವಾಪಸ್ ಕೊಡಿ ಮಾರಾಯ್ರೆ! ಈ ವಯಸ್ಸಲ್ಲಿ ಹಾರ್ಮೋನಿಂದ ಚರ್ಮದ ಎಣ್ಣೆ ಜಾಸ್ತಿಯಾಗಿ ರಂಧ್ರ ಕಟ್ಟಿಕೊಳ್ತದೆ, ಕೊಳಕಿನಿಂದ ಬರುದಲ್ಲ, ಹಾಗಾಗಿ ಸೋಪು ಹಾಕಿ ಗಸಗಸ ತಿಕ್ಕಿದ್ರೆ ಇನ್ನೂ ಕೆಂಪಾಗುದಷ್ಟೇ, ನಮ್ಮ ಈ ಸೆಕೆಗೆ ಮಾಸ್ಕಿನೊಳಗೆ ಬೆವರು ಬೇರೆ. "ಎಂತದಿದು ಮುಖದಲ್ಲಿ" ಅಂತ ಕೇಳುವ ಚಿಕ್ಕಮ್ಮಂದಿರ ಬಾಯಿ ಮುಚ್ಚಿಸುದು ನಿಮ್ಮ ಕೆಲ್ಸ, ಅವಳದ್ದಲ್ಲ; ನೀವೂ ದಿನಾ ಬೆಳಿಗ್ಗೆ ಅವಳ ಮೊಡವೆ ಎಣಿಸ್ಬೇಡಿ. ಸ್ಕಿನ್ ಡಾಕ್ಟ್ರಿಗೆ ತೋರಿಸಿ, ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್ ತರದ ಔಷಧಿ ಉಂಟು, ಆದ್ರೆ ವ್ಯತ್ಯಾಸ ಕಾಣ್ಲಿಕ್ಕೆ 6–8 ವಾರವಾದ್ರೂ ಬೇಕು, ಅದನ್ನು ಅವಳಿಗೆ ಮೊದ್ಲೇ ಹೇಳಿ, ಇಲ್ಲದಿದ್ರೆ ಹತ್ತೇ ದಿನಕ್ಕೆ ಟ್ಯೂಬ್ ಬಿಸಾಡ್ತಾಳೆ. ಮೆಡಿಕಲ್‌ನಿಂದ ಸುಮ್ನೆ ಸ್ಟೀರಾಯ್ಡ್ ಕ್ರೀಮ್ ತರ್ಬೇಡಿ, ಅದ್ರಿಂದ ಮೊಡವೆ ಹೆಚ್ಚಾಗ್ಬಹುದು. ಊಟ ನಿದ್ದೆ ಬಿಟ್ಟು ಮಂಕಾಗಿ ಕೂತ್ರೆ, ಬದುಕುದೇ ಬೇಡ ಅಂತೆಲ್ಲ ಹೇಳಿದ್ರೆ, ಮೊಡವೆ ಹೋಗ್ಲಿ ಅಂತ ಕಾಯ್ಬೇಡಿ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು.