ಔಷಧ ಹುಡುಕೋದು ಕಂಪ್ಯೂಟರೋ, ಕೆಮಿಸ್ಟೋ?

ಹಾವೇರಿಯ ಓದುಗರೊಬ್ಬರು ಬರೆದಿದ್ದಾರೆ: "ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿರುವ ನನ್ನ ಮಗಳು ಕಂಪ್ಯೂಟರಿನಲ್ಲಿ ಔಷಧ ವಿನ್ಯಾಸ ಮಾಡುವುದರಲ್ಲೇ ಪಿಎಚ್‌.ಡಿ. ಮಾಡ್ತೀನಿ ಅಂತಾಳೆ. ಎಲ್ಲ ಕಂಪ್ಯೂಟರೇ ಮಾಡುವುದಾದರೆ ಇಷ್ಟು ವರ್ಷ ಕೆಮಿಸ್ಟ್ರಿ ಓದಿದ್ದು ದಂಡ ಅಲ್ವಾ? ಪ್ರೊಫೆಸರಿಗೆ ಪತ್ರ ಬರೆದರೆ ಸೀಟು ಸಿಗುತ್ತದೆಯೇ?"

ಸಂಪಾದಕರ ಉತ್ತರ: ದಂಡ ಅಲ್ಲವೇ ಅಲ್ಲ. ಕಂಪ್ಯೂಟರ್ ಕಲಿಯಬೇಕು ನಿಜ, ಆದರೆ ಕೆಮಿಸ್ಟ್ರಿ ಬಿಟ್ಟು ಅಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ಪ್ರೊಫೆಸರ್ ವಿಲಿಯಂ ಜಾರ್ಗೆನ್ಸನ್ ಈ ಕೆಲಸದಲ್ಲಿ ದೊಡ್ಡ ಹೆಸರು. ಅವರು ಔಷಧಕ್ಕಿಂತ ಮೊದಲು ಹೆಸರು ಮಾಡಿದ್ದು ನೀರಿನಿಂದ. ನೀರಿನ ಅಣುಗಳು ಒಂದನ್ನೊಂದು ಹೇಗೆ ಎಳೆಯುತ್ತವೆ ಎಂದು ಲೆಕ್ಕ ಹಾಕುವ ಮಾದರಿಯನ್ನು 1983ರಲ್ಲಿ ಕೊಟ್ಟರು. ಅದು ಇವತ್ತಿಗೂ ಬಳಕೆಯಲ್ಲಿದೆ. ಮೈಯೊಳಗೆ ಔಷಧ ಕೆಲಸ ಮಾಡುವುದು ನೀರಿನಲ್ಲೇ ತಾನೆ!

2020ರಲ್ಲಿ ಅವರ ತಂಡ ಕೊರೊನಾ ವೈರಸ್ಸಿನ ಒಂದು ಮುಖ್ಯ ಕಿಣ್ವವನ್ನು (ಎಂಜೈಮ್) ತಡೆಯುವ ಔಷಧ ಹುಡುಕಿತು. ಆಗಲೇ ಬಳಕೆಯಲ್ಲಿದ್ದ ಸುಮಾರು 2,000 ಔಷಧಗಳನ್ನು ಕಂಪ್ಯೂಟರಿನಲ್ಲಿ ಜರಡಿ ಹಿಡಿದರು. ಉಳಿದದ್ದು 42. ಆಮೇಲೆ ಏನು ಮಾಡಿದರು ಗೊತ್ತೆ? ಪ್ರತಿಯೊಂದೂ ಕಿಣ್ವದೊಳಗೆ ಹೇಗೆ ಕೂರುತ್ತದೆ ಎಂದು ಕಣ್ಣಾರೆ ನೋಡಿ 17ನ್ನು ಆರಿಸಿಕೊಂಡರು. ಲ್ಯಾಬಿನಲ್ಲಿ ಪರೀಕ್ಷಿಸಿದಾಗ 14 ಕೆಲಸ ಮಾಡಿದವು. 42ರಿಂದ 17ಕ್ಕೆ ಇಳಿಸಿದ್ದು ಕೆಮಿಸ್ಟ್ರಿ ಬಲ್ಲವರ ಕಣ್ಣು. ನಿಮ್ಮ ಮಗಳು ಇಷ್ಟು ವರ್ಷ ಓದಿದ್ದು ಬೇಕಾಗುವುದು ಅಲ್ಲೇ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಪಟ್ಟಿಯಲ್ಲಿ ಫಿಟ್ಸ್‌ಗೆ ಕೊಡುವ ಪೆರಂಪನೆಲ್ ಎಂಬ ಔಷಧವಿತ್ತು. ಕಿಣ್ವವನ್ನು ತಡೆಯುವುದರಲ್ಲಿ ಬಹಳ ದುರ್ಬಲ. ಅಣುವಿನ ಯಾವ ಜಾಗದಲ್ಲಿ ಏನು ಬದಲಾಯಿಸಿದರೆ ಹಿಡಿತ ಬಿಗಿಯಾಗುತ್ತದೆ ಎಂದು ಲೆಕ್ಕ ದಾರಿ ತೋರಿಸಿತು. ಕೆಮಿಸ್ಟರು ಹೊಸ ಅಣುಗಳನ್ನು ತಯಾರಿಸಿದರು. 2021ರ ಹೊತ್ತಿಗೆ ಕೆಲವು ಅಣುಗಳು ಸಾವಿರಾರು ಪಟ್ಟು ಚುರುಕಾಗಿದ್ದವು. ಇದು ಲ್ಯಾಬಿನ ಮಟ್ಟದ ಮಾತು. ಅಲ್ಲಿಂದ ರೋಗಿಯ ಕೈಗೆ ಮಾತ್ರೆ ಬರುವ ದಾರಿ ಬೇರೆಯೇ, ಬಹಳ ಉದ್ದ.

ಇನ್ನು ಸೀಟಿನ ವಿಷಯ. ಅಮೆರಿಕದ ಹೆಚ್ಚಿನ ಕೆಮಿಸ್ಟ್ರಿ ವಿಭಾಗಗಳಲ್ಲಿ ಅರ್ಜಿ ಹೋಗುವುದು ವಿಭಾಗಕ್ಕೆ. ಸೀಟು ಸಿಕ್ಕ ಮೇಲೆ ಗೈಡ್‌ರನ್ನು ಗೊತ್ತು ಮಾಡಿಕೊಳ್ಳುವುದು. ಪ್ರೊಫೆಸರಿಗೆ ಮೇಲ್ ಬರೆಯಬಾರದು ಅಂತಲ್ಲ. ಆದರೆ ಸುಮ್ನೆ "ನಿಮ್ಮ ಸಂಶೋಧನೆ ಇಷ್ಟವಾಯಿತು" ಅಂತ ನೂರು ಜನರಿಗೆ ಒಂದೇ ಮೇಲ್ ಕಳಿಸಿದರೆ ಯಾರೂ ಉತ್ತರಿಸುವುದಿಲ್ಲ. ಅವರ ಒಂದು ಪ್ರಬಂಧ ಓದಿ, ಅದರ ಬಗ್ಗೆ ಒಂದು ಪ್ರಶ್ನೆ ಕೇಳಲಿ.

ಮೊದಲು ಮನೆಯಲ್ಲೇ ಕೈ ಪಳಗಿಸಲಿ. ಆ ಕೊರೊನಾ ಕಿಣ್ವದ ರಚನೆ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಅಂತರ್ಜಾಲ ಸಂಗ್ರಹದಲ್ಲಿ 6ಎಲ್‌ಯು7 ಎಂಬ ಹೆಸರಲ್ಲಿ ಪುಕ್ಕಟೆ ಸಿಗುತ್ತದೆ. ಔಷಧದ ಅಣು ಕಿಣ್ವದೊಳಗೆ ಹೇಗೆ ಕೂರುತ್ತದೆ ಎಂದು ಲೆಕ್ಕ ಹಾಕಿ ಅಂಕ ಕೊಡುವ ಆಟೋಡಾಕ್ ವಿನಾ ತಂತ್ರಾಂಶವೂ ಪುಕ್ಕಟೆ. ನಾಲ್ಕಾರು ಔಷಧಗಳನ್ನು ಕೂರಿಸಿ, ಒಳ್ಳೆಯ ಅಂಕ ಬಂದದ್ದು ಯಾಕೆ ಬಂತು ಎಂದು ಕಾರಣ ಹುಡುಕಲಿ. ಸಂದರ್ಶನದಲ್ಲಿ ಅದನ್ನು ಹೇಳಿದರೆ ಸರ್ಟಿಫಿಕೇಟಿಗಿಂತ ಜಾಸ್ತಿ ತೂಕ.

ನಮ್ಮಲ್ಲೇ ಮಾಡುವುದಾದರೆ ಸಿಎಸ್‌ಐಆರ್ ನೆಟ್ ಅಥವಾ ಗೇಟ್ ಪರೀಕ್ಷೆ ಬರೆಯಲಿ. ಖರ್ಚಿನ ಚಿಂತೆ ನಿಮಗಿದ್ದರೆ, ನೆಟ್‌ನಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಜೂನಿಯರ್ ರಿಸರ್ಚ್ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಮೇಲೆ ಮನೆ ಬಾಡಿಗೆ ಭತ್ಯೆ.