ರಾಷ್ಟ್ರೀಯ ಹೆದ್ದಾರಿ 66 ಒಂದೇ ರಸ್ತೆ ಅಲ್ವಾ, ಟೋಲ್ ಯಾಕೆ ಒಂದೊಂದು ಕಡೆ ಒಂದೊಂದು ಥರ?

ಹೆಸರು ಒಂದೇ, ಆದರೆ ಕಟ್ಟಿದ್ದು ತುಂಡು ತುಂಡಾಗಿ. ಅದಕ್ಕೇ ಟೋಲ್ ಬೇರೆ ಬೇರೆ.

ಪನ್ವೇಲ್‌ನಲ್ಲಿ ಶುರುವಾಗಿ ಮಹಾರಾಷ್ಟ್ರ, ಗೋವಾ, ನಮ್ಮ ಕರಾವಳಿ, ಕೇರಳ ದಾಟಿ ತಮಿಳುನಾಡಿನ ಕನ್ಯಾಕುಮಾರಿ ಮುಟ್ಟುವ ಈ ರಸ್ತೆ ಸುಮಾರು 1,600 ಕಿ.ಮೀ. ಇದೆ. ಪ್ರತಿ ತುಂಡಿಗೂ ಗುತ್ತಿಗೆ ಬೇರೆ, ಕೆಲಸ ಮುಗಿದ ಕಾಲವೂ ಬೇರೆ. ಆ ತುಂಡು ಎಷ್ಟು ಕಿಲೋಮೀಟರ್ ಇದೆ, ದೊಡ್ಡ ಸೇತುವೆ ಇದೆಯಾ, ನಿಮ್ಮದು ಕಾರಾ ಲಾರಿಯಾ ಅಂತ ನೋಡಿ ದರ ಹಾಕುತ್ತಾರೆ. ಬೈಕಿಗೆ ಟೋಲ್ ಇಲ್ಲ.

ಎರಡು ಟೋಲ್‌ಗಳ ನಡುವೆ ಸಾಮಾನ್ಯವಾಗಿ 60 ಕಿ.ಮೀ. ಅಂತರ ಇರಬೇಕು ಅನ್ನುವುದು 2008ರ ನಿಯಮ, ಆದರೆ ಅದರಲ್ಲೇ ವಿನಾಯಿತಿಗೂ ಜಾಗ ಇದೆ! ಇದೇ ರಸ್ತೆಯ ಹೆಜಮಾಡಿ ಟೋಲ್‌ಗೆ ಹತ್ತಿರವೇ ಇದ್ದ ಸುರತ್ಕಲ್ ಟೋಲ್ ಅಂತೂ ಜನ ಹೋರಾಡಿದ ಮೇಲೆ, 2022ರ ಡಿಸೆಂಬರ್ 1ರಿಂದ ನಿಂತಿತು.