ಟಮ್ಮಿ ಟಕ್ ಮಾಡಿಸಿಕೊಂಡು ಹತ್ತು ದಿನಕ್ಕೆ ಶಾಲೆಗೆ ಹೋಗಬಹುದಾ?

ನಿಮಗೆ ಎರಡು ಸಿಸೇರಿಯನ್ ಆಗಿವೆ, ಹೊಟ್ಟೆ ಜೋತು ಬಿದ್ದಿದೆ, ವಿಜಯಪುರದಲ್ಲಿ ಟೀಚರ್ ಆಗಿದ್ದೀರಿ. ಟಮ್ಮಿ ಟಕ್, ಅಂದರೆ ಜೋತು ಬಿದ್ದ ಹೊಟ್ಟೆಯ ಚರ್ಮ ತೆಗೆದು ಬಿಗಿ ಮಾಡುವ ಆಪರೇಷನ್, ಮಾಡಿಸಿಕೊಂಡು ಹತ್ತು ದಿನಕ್ಕೆ ಕೆಲಸಕ್ಕೆ ಹೋಗಬಹುದಾ ಅಂತ ಕೇಳಿದ್ದೀರಿ. ಆಗುವುದಿಲ್ಲ ಅಕ್ಕಾ. ಕುಳಿತು ಮಾಡುವ ಕೆಲಸಕ್ಕೇ ಎರಡರಿಂದ ನಾಲ್ಕು ವಾರ ಬೇಕು. ನಿಮ್ಮದು ದಿನವಿಡೀ ಬೋರ್ಡ್ ಮುಂದೆ ನಿಲ್ಲುವ ಕೆಲಸ, ನಾಲ್ಕು ವಾರ ಅಂತಲೇ ಇಟ್ಟುಕೊಳ್ಳಿ.

ನಾನು ಬಾಗಲಕೋಟೆಯವಳು, ಬೆಳಗಾವಿಯಲ್ಲಿ ಮಾಡಿಸಿದೆ. ಇದು ತೂಕ ಇಳಿಸುವ ಆಪರೇಷನ್ ಅಲ್ಲ. ತೂಕ ಮೊದಲೇ ಇಳಿದು, ಕೆಲವು ತಿಂಗಳು ಒಂದೇ ಮಟ್ಟದಲ್ಲಿ ನಿಂತಿರಬೇಕು. ಇನ್ನೊಂದು ಮಗು ಬೇಕು ಅನ್ನುವ ಯೋಚನೆ ಇದ್ದರೆ ಈಗ ಬೇಡ. ಸೊಂಟದ ಈ ತುದಿಯಿಂದ ಆ ತುದಿಯವರೆಗೆ, ಸಿಸೇರಿಯನ್ ಗಾಯದ ಮಟ್ಟದಲ್ಲೇ ಕೊಯ್ದು, ಚರ್ಮವನ್ನು ಮೇಲಕ್ಕೆ ಬಿಡಿಸುತ್ತಾರೆ. ಬಸಿರಿನಲ್ಲಿ ನಡುವೆ ಅಗಲವಾದ ಸ್ನಾಯುಗಳನ್ನು, ರವಿಕೆಗೆ ಟಕ್ಸ್ ಹಿಡಿದಂತೆ, ಹತ್ತಿರ ತಂದು ಹೊಲಿಯುತ್ತಾರೆ. ಹೆಚ್ಚಾದ ಚರ್ಮ ತೆಗೆದು ಹೊಕ್ಕುಳಕ್ಕೆ ಹೊಸ ಜಾಗ ಮಾಡುತ್ತಾರೆ. ಪೂರ್ತಿ ಅರಿವಳಿಕೆಯಲ್ಲಿ ಎರಡರಿಂದ ನಾಲ್ಕು ತಾಸು. ಕೆಳಹೊಟ್ಟೆಯ ಬಸಿರಿನ ಗೆರೆಗಳು ಚರ್ಮದ ಜೊತೆ ಹೋಗುತ್ತವೆ. ಮೇಲಿನವು ಉಳಿಯುತ್ತವೆ. ಗಾಯದ ಗೆರೆಯೂ ಉಳಿಯುತ್ತದೆ. ತಿಳಿಯಾಗಲು ವರ್ಷವೇ ಬೇಕು.

ಮೊದಲ ಮೂರ್ನಾಲ್ಕು ದಿನ ನೋವು ಜಾಸ್ತಿ. ಚರ್ಮಕ್ಕಿಂತ ಒಳಗಿನ ಸ್ನಾಯು ಬಿಗಿಯುವುದೇ ಹೆಚ್ಚು ಕಾಡುತ್ತದೆ. ಕೆಮ್ಮು, ಸೀನು, ನಗು ಏನೇ ಬಂದರೂ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳಬೇಕು. ಬೆನ್ನಿಗೆ ಮತ್ತು ಮೊಣಕಾಲಿನ ಕೆಳಗೆ ದಿಂಬು ಕೊಟ್ಟು ಮಲಗಬೇಕು. ಒಂದೆರಡು ವಾರ ಬಾಗಿಯೇ ನಡೆಯುತ್ತೀರಿ. ಆದರೂ ಅವತ್ತು ಸಂಜೆಗೋ ಮರುದಿನವೋ ಎಬ್ಬಿಸಿ ನಡೆಸುತ್ತಾರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ. ಸಿಟ್ಟು ಬಂದರೂ ನಡೆಯಿರಿ.

ಗಾಯದ ಒಳಗೆ ಸೇರುವ ನೀರು, ರಕ್ತ ಹೊರಗೆ ಬರಲಿ ಅಂತ ಹೆಚ್ಚಿನವರಿಗೆ ಡ್ರೇನ್ ನಳಿಕೆ ಇಡುತ್ತಾರೆ, ತುದಿಯಲ್ಲಿ ಅದು ತುಂಬಿಕೊಳ್ಳುವ ರಬ್ಬರ್ ಬುಗ್ಗೆ. ಎಷ್ಟು ಮಿಲಿ ಬಂತು ಅಂತ ದಿನಾ ಬರೆದಿಡಬೇಕು. ಸಾಮಾನ್ಯವಾಗಿ ದಿನಕ್ಕೆ 30 ಮಿಲಿಗಿಂತ ಕಡಿಮೆಯಾದ ಮೇಲೆ ತೆಗೆಯುತ್ತಾರೆ. ಮಾತಾಡಿಸಲು ಬಂದವರ ಕಣ್ಣೆಲ್ಲ ಆ ಬುಗ್ಗೆಯ ಮೇಲೆಯೇ! ಜೇಬಿರುವ ನೈಟಿ ಹೊಲಿಸಿಕೊಳ್ಳಿ.

ಡಾಕ್ಟರು ಹೇಳದ ವಿಷಯ ಅಂದರೆ ನಮ್ಮ ಮನೆಗಳು. ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವುದು ಬಂದ್. ಪ್ರತಿ ಏಟಿಗೂ ಹೊಟ್ಟೆ ಬಿಗಿಯುತ್ತದೆ. ಕೊಡ, ಹಸಿ ಬಟ್ಟೆಯ ಬಕೆಟ್, ಎತ್ತಿಕೋ ಅಂತ ಓಡಿ ಬರುವ ಮಗು, ಆರು ವಾರ ಯಾವುದನ್ನೂ ಎತ್ತಬಾರದು. ಹಳೆ ಕಾಲದ ಟಾಯ್ಲೆಟ್ ಇದ್ದರೆ ಕಮೋಡ್ ಕುರ್ಚಿ ಮೊದಲೇ ತಂದಿಡಿ. ನೋವಿನ ಮಾತ್ರೆಗೆ ಮಲಬದ್ಧತೆ ಆಗುತ್ತದೆ, ತಿಣುಕುವ ಹಾಗಿಲ್ಲ. ಲಂಗದ ಲಾಡಿ ಸರಿಯಾಗಿ ಗಾಯದ ಆಸುಪಾಸಿನಲ್ಲೇ ಬರುತ್ತದೆ, ಹಾಗಾಗಿ ಸೀರೆಯೂ ಬೇಡ. ನಮ್ಮ ಅತ್ತೆ ನೋಡಿ, "ಇದು ಮತ್ತೊಂದು ಬಾಣಂತನ ಆತಲ್ಲವಾ, ಕೂಸೊಂದಿಲ್ಲ" ಅಂದರು. ಹಾಗೆ ಅಂದವರೇ ಅಡುಗೆಮನೆ ವಹಿಸಿಕೊಂಡರು. ವಹಿಸಿಕೊಳ್ಳುವವರು ಯಾರೂ ಇಲ್ಲದಿದ್ದರೆ ಆಪರೇಷನ್ ಮುಂದಕ್ಕೆ ಹಾಕುವುದೇ ಒಳ್ಳೆಯದು.

ಹಲ್ಲಿಗೆ ಮಿಶ್ರಿ (ಹುರಿದ ತಂಬಾಕಿನ ಪುಡಿ) ಹಚ್ಚುವ, ತಂಬಾಕು ಹಾಕುವ ರೂಢಿ ಇದ್ದರೆ ಮುಚ್ಚುಮರೆ ಇಲ್ಲದೆ ಡಾಕ್ಟರಿಗೆ ಹೇಳಿ. ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ, ಗಾಯದ ಅಂಚಿನ ಚರ್ಮ ಕಪ್ಪಾಗಿ ಸಾಯಬಹುದು. ಸಕ್ಕರೆ ಕಾಯಿಲೆ ಇದ್ದವರಿಗೂ ಗಾಯ ತಡವಾಗಿ ಮಾಗುತ್ತದೆ.

ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಉಸಿರು ಕಟ್ಟಿದಂತಾಗುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಜ್ವರ, ಕೀವು, ಡ್ರೇನ್ ತೆಗೆದ ಮೇಲೆ ಒಳಗೆ ನೀರು ತುಂಬಿ ತುಳುಕಿದ ಹಾಗೆ ಅನಿಸುವುದು, ಇವಕ್ಕೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಹೊಕ್ಕುಳದ ಕೆಳಗೆ ಜೋಮು ಹಿಡಿದಂತಿರುವುದು, ಸಂಜೆ ಹೊತ್ತಿಗೆ ಊದುವುದು ತಿಂಗಳುಗಟ್ಟಲೆ ಇರುತ್ತದೆ, ಅದಕ್ಕೆ ಹೆದರಬೇಡಿ.

ದುಡ್ಡಿನ ವಿಷಯ: ಬರೀ ಚೆಂದಕ್ಕೆ ಮಾಡಿಸಿದ್ದಕ್ಕೆ ವಿಮೆ ಬರುವುದಿಲ್ಲ. ಅರಿವಳಿಕೆ, ಆಮೇಲೆ ಹೊಟ್ಟೆಗೆ ಹಾಕಿಕೊಳ್ಳುವ ಬಿಗಿ ಬೆಲ್ಟ್, ಆಮೇಲಿನ ಭೇಟಿ ಎಲ್ಲ ಸೇರಿ ಎಷ್ಟು ಅಂತ ಬರೆಸಿಕೊಳ್ಳಿ. ಡಾಕ್ಟರು ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂ.ಸಿಎಚ್. ಅಥವಾ ಡಿ.ಎನ್.ಬಿ. (ಈಗಿನ ಹೆಸರು ಡಿಆರ್.ಎನ್.ಬಿ.) ಅನ್ನುವ ತಜ್ಞ ಪದವಿ ಮಾಡಿದವರಾ ನೋಡಿ. ಬ್ಯೂಟಿ ಕ್ಲಿನಿಕ್ಕಿನ ಬೋರ್ಡ್ ನೋಡಿ ಹೋಗಬೇಡಿ.

ಇನ್ನು ನಿಮ್ಮ ರಜೆ. ಬೇಸಿಗೆ ರಜೆ ಉದ್ದ ಇದೆ ನಿಜ, ಆದರೆ ವಿಜಯಪುರದ 40 ಡಿಗ್ರಿ ಬಿಸಿಲಿನಲ್ಲಿ ಆ ಬಿಗಿ ಬೆಲ್ಟನ್ನು ಹಗಲೂ ರಾತ್ರಿ ಸುಮಾರು ಆರು ವಾರ ಹಾಕಿಕೊಳ್ಳಬೇಕು. ಬೆವರುಸಾಲೆ ಗ್ಯಾರಂಟಿ. ನಾನಾದರೆ ದಸರಾ ರಜೆ ಶುರುವಾದ ಕೂಡಲೇ ಮಾಡಿಸಿಕೊಂಡು, ಅದಕ್ಕೆ ಎರಡು ವಾರದ ರಜೆ ಜೋಡಿಸುತ್ತಿದ್ದೆ. ಶಾಲೆಗೆ ಹೋದ ಮೇಲೂ ಕುಳಿತು ಪಾಠ ಮಾಡಲು ಒಂದು ಕುರ್ಚಿ ಬೇಕು ಅಂತ ಹೆಡ್ ಮಾಸ್ತರರಿಗೆ ಈಗಲೇ ಹೇಳಿಡಿ.